ಬಳುವಳಿಯ ಜೊತೆ ಬಂದ ಬೆಂಚು

ನಾನು ಒಂದು ಬೆಂಚು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ, ಎದೆ ಸೆಟೆಸಿಯೇ ಹೇಳುತ್ತಿದ್ದೇನೆ. ಎದೆ ಇಲ್ಲದಿದ್ದರೇನಂತೆ, ಎಂಟಡಿ ಉದ್ದದ ಹಲಗೆ ಇದೆಯಲ್ಲ!

ದಾವಣಗೆರೆಯ ಒಂದು ಓಣಿಯಲ್ಲಿ ಮೌನೇಶಾಚಾರಿ ಎಂಬ ಬಡಗಿ ನನ್ನನ್ನು ಮಾಡಿದ. ನನ್ನದು ಮತ್ತಿ ಮರ. ಬಣ್ಣ ಕಪ್ಪು, ತೂಕ ಕೇಳಲೇಬೇಡಿ, ನಾಲ್ಕು ಜನ ಬಂದರೇನೇ ಏಳುವ ಜಾತಿ. ಮೌನೇಶಾಚಾರಿಗೆ ಹೆಸರಿನಲ್ಲಿ ಮಾತ್ರ ಮೌನ. ಉಳಿ ಹಿಡಿದಷ್ಟು ಹೊತ್ತೂ ಬಾಯಿ ಓಡುತ್ತಲೇ ಇರುತ್ತಿತ್ತು. ನಾಲ್ಕನೆಯ ಕಾಲು ಕೂರಿಸಿದ ಮೇಲೆ ತಾನೇ ಕುಂಡಿ ಊರಿ ಕೂತು ನೋಡಿ, "ಇದರ ಮ್ಯಾಲೆ ಕುಂತೋರು ಸವೀಬೇಕು, ಇದು ಮಾತ್ರ ಸವೆಯಂಗಿಲ್ಲ" ಎಂದ. ಅದು ಅರ್ಧ ಮಾತ್ರ ನಿಜವಾಯಿತು. ಉಳಿದರ್ಧ ಮುಂದೆ ಹೇಳುತ್ತೇನೆ.

ನನ್ನನ್ನು ಕೊಂಡವರು ಅದೇ ಊರಿನ ಗಜಕೇಸರಿ ಬಾಸ್ಕೆಟ್‌ಬಾಲ್ ಕ್ಲಬ್ಬಿನವರು. ಅಂಕಣದ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನನ್ನನ್ನು ಹಾಕಿದರು. ಆಡುವವರು ಆಡುತ್ತಾರೆ, ಮಿಕ್ಕವರು ನನ್ನ ಮೇಲೆ ಕೂರುತ್ತಾರೆ. ಜನರನ್ನು ಮುಖ ನೋಡಿ ಅಳೆಯುವುದು ನಿಮ್ಮ ಪದ್ಧತಿ. ನಾನು ಅಳೆಯುವುದು ಕೂತ ರೀತಿಯಿಂದ. ಹಿಂದಿನ ಗೋಡೆಗೆ ಒರಗಿ ಕಾಲು ಚಾಚಿದವನು ಆಸೆ ಬಿಟ್ಟವನು. ಹಲಗೆಯ ಮುಂದಿನ ಅಂಚಿಗೆ ಬಂದು, ಹಿಮ್ಮಡಿ ಎತ್ತಿ ಕೂತವನು ಈಗಲೋ ಆಗಲೋ ಕರೆ ಬಂದೀತೆಂದು ಕಾಯುತ್ತಿರುವವನು. ಇದರಲ್ಲಿ ನನ್ನ ಲೆಕ್ಕ ಇವತ್ತಿನವರೆಗೆ ತಪ್ಪಿಲ್ಲ.

ಹಾಲೇಶ ಅಂಚಿನಲ್ಲಿ ಕೂರುವವನು. ಆರಡಿ ನಾಲ್ಕಿಂಚಿನ ಆಳು. ಒಂದು ಕಾಲಕ್ಕೆ ಬಾಸ್ಕೆಟ್ಟಿನ ಕೆಳಗೆ ಅವನು ನಿಂತನೆಂದರೆ ಎದುರಾಳಿಗಳು ದಾರಿ ಬದಲಿಸುತ್ತಿದ್ದರು. ಆ ಹುರುಪಿನಲ್ಲಿ ಕ್ಲಬ್ಬಿನವರು ಅವನಿಗೆ ದೊಡ್ಡ ಸಂಬಳ ಹಾಕಿ ಐದು ವರ್ಷಕ್ಕೆ ಬರೆದುಕೊಂಡರು. ಮೊದಲ ವರ್ಷವೇ ಮೊಣಕಾಲು ಕೈಕೊಟ್ಟಿತು. ವಾಸಿಯಾಗಿ ಬಂದ, ಆದರೆ ಹಳೆಯ ನೆಗೆತ ಬರಲಿಲ್ಲ. ಹಾಲೇಶ ನನ್ನ ಎಡತುದಿಗೆ ಬಂದು ಕೂತ.

ಇಲ್ಲಿ ನಮ್ಮ ಹೊಳೆಸಾಲು ಲೀಗಿನ ಕಟ್ಟಳೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ತುಂಗಭದ್ರೆಯ ಆಚೀಚೆ ಆರು ಊರು, ಆರು ಕ್ಲಬ್ಬು. ಆಟಗಾರರ ಸಂಬಳವೆಲ್ಲ ಕೂಡಿದರೆ ಒಂದು ಮಿತಿ ದಾಟಬಾರದು. ಬರೆದುಕೊಂಡವನನ್ನು ನಡುವೆ ಕೈಬಿಡುವ ಹಾಗಿಲ್ಲ. ಬೇಡವಾದರೆ ಬೇರೆ ಕ್ಲಬ್ಬಿನವರನ್ನು ಒಪ್ಪಿಸಿ ದಾಟಿಸಬೇಕು. ಸುಮ್ಮನೆ ಯಾರು ಒಪ್ಪುತ್ತಾರೆ? ಪ್ರತಿ ಯುಗಾದಿಗೆ ಹೊಸ ಹುಡುಗರನ್ನು ಸರದಿಯ ಮೇಲೆ ಆರಿಸುತ್ತಾರಲ್ಲ, ಆ ಸರದಿಯನ್ನು ಬೇಡದವನ ಜೊತೆಗೆ ಕೊಟ್ಟು ಕಳಿಸುತ್ತಾರೆ. ಮದುಮಗಳ ಜೊತೆ ಹಸು, ಪಾತ್ರೆ ಕೊಟ್ಟು ಕಳಿಸಿದ ಹಾಗೆ. ಅದಕ್ಕೇ ನಮ್ಮ ಕಡೆ ಅದನ್ನು ಬಳುವಳಿ ಎನ್ನುತ್ತಾರೆ.

ಬಳುವಳಿ ವಸೂಲಿಯಲ್ಲಿ ಹರಿಹರದ ಕೊಟ್ರಮ್ಮ ಮೇಡಂ ಎತ್ತಿದ ಕೈ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವರು, ಈಗ ಅಲ್ಲಿನ ಸಣ್ಣ ಕ್ಲಬ್ಬಿಗೆ ತರಬೇತುದಾರರೂ ಅವರೇ, ಯಜಮಾನರೂ ಅವರೇ. ಒಂದು ದಿನ ಮಧ್ಯಾಹ್ನ ಅವರು ಗಜಕೇಸರಿ ಅಂಗಳಕ್ಕೆ ಬಂದರು. ನಮ್ಮ ಕಾರ್ಯದರ್ಶಿ ಬಕ್ಕಪ್ಪನವರಿಗೆ ಬಳ್ಳಾರಿಯಿಂದ ಒಬ್ಬ ಹೊಸಬನನ್ನು ತರಬೇಕಿತ್ತು. ಸಂಬಳದ ಮಿತಿ ಅಡ್ಡ ಬಂದಿತ್ತು. ಬಕ್ಕಪ್ಪ ನನ್ನ ಮೇಲೆ ಕೂತರು. ಕೊಟ್ರಮ್ಮ ಕೂರಲಿಲ್ಲ, ಅವರು ಎಲ್ಲಿಯೂ ಕೂರುವವರಲ್ಲ.

"ಹಾಲೇಶನ್ನ ತಗೊಂಡ್ಬಿಡ್ರಿ ಮೇಡಂ. ಭಾಳ ಒಳ್ಳೆ ಹುಡುಗ."

"ಅಷ್ಟು ಒಳ್ಳೇನಾದ್ರೆ ನೀವೇ ಇಟ್ಕೊಳ್ರಿ. ಬಳುವಳಿ ಏನು, ಅದನ್ನ ಹೇಳ್ರಿ."

"ಮುಂದಿನ ಯುಗಾದಿಗೆ ನಮ್ಮ ಮೊದಲ ಸರದಿ ನಿಮ್ದು."

"ಅದರ ಮುಂದಿನ ಯುಗಾದೀದೂ."

"ಕುತ್ತಿಗೀಗೇ ಕೈ ಹಾಕ್ತೀರಲ್ರೀ!"

"ಹಂಗಾದ್ರೆ ಬ್ಯಾಡ ಬಿಡ್ರಿ. ನನ್ನ ಬಸ್ಸಿಗೆ ಹೊತ್ತಾತು."

ಬಕ್ಕಪ್ಪ ಒಪ್ಪಲೇಬೇಕಾಯಿತು. ಒಪ್ಪಿದ ಸಿಟ್ಟಿಗೆ ನನ್ನನ್ನು ಒಮ್ಮೆ ಗುದ್ದಿ, "ಆತು. ಈ ಬೆಂಚನ್ನೂ ಹೇರ್ಕೊಂಡು ಹೋಗ್ರಿ. ಅವನು ಆಡಿದ್ದಕ್ಕಿಂತ ಇದರ ಮ್ಯಾಲೆ ಕುಂತಿದ್ದೇ ಜಾಸ್ತಿ. ನಮಗೆ ಪ್ಲಾಸ್ಟಿಕ್ ಕುರ್ಚಿ ಬರಾವದಾವೆ" ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ಪುಕ್ಕಟೆ ಬಂದದ್ದನ್ನು ಕೊಟ್ರಮ್ಮ ಬಿಡುವವರಲ್ಲ. "ಅದನ್ನೂ ಕಾಗದದಾಗೆ ಬರೀರಿ" ಎಂದರು. ಬರೆದರು: ಆಟಗಾರ ಒಬ್ಬ, ಬೆಂಚು ಒಂದು, ಸರದಿ ಎರಡು.

ಮೂರು ಮಾರು ದೂರದಲ್ಲಿ ಹಾಲೇಶ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಎಲ್ಲವೂ ಅವನ ಕಿವಿಗೆ ಬಿತ್ತು. ಒಂದೇ ಲೇಸನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದ.

ಲಗೇಜ್ ಆಟೋದಲ್ಲಿ ನಮ್ಮ ಸವಾರಿ ಹೊರಟಿತು. ಡ್ರೈವರನ ಪಕ್ಕ ಕಾಲು ಹಿಡಿಸದೆ ಹಾಲೇಶ ಹಿಂದೆ ನನ್ನ ಮೇಲೆಯೇ ಕೂತ. ಹರಿಹರ ಕಾಣುವ ಹೊತ್ತಿಗೆ ನನ್ನನ್ನು ಮೆಲ್ಲಗೆ ತಟ್ಟಿದ.

"ಇಬ್ರೂ ಒಂದೇ ಕಾಗದದಾಗೆ ಬಂದ್ವಲ್ಲೋ. ಇನ್ನೊಂದೇ ಒಂದು ಸಲ ಆಡಿ ನಾನಾಗೇ ಬಿಡ್ತೀನಿ. ಎತ್ತಿ ಹಾಕಿದ ಸಾಮಾನಿನಂಗೆ ಮುಗೀಬಾರ್ದು ನೋಡು."

ಅವನಿಗೆ ಬೇಕಾಗಿದ್ದು ಅಷ್ಟೇ. ಆದರೆ ಹರಿಹರದಲ್ಲೂ ಅದು ಸಿಗಲಿಲ್ಲ. ಕೊಟ್ರಮ್ಮನವರ ಕಣ್ಣಿದ್ದದ್ದು ಸರದಿಗಳ ಮೇಲೆ. ಹಾಲೇಶ ಅವರ ಪಾಲಿಗೆ ಸರದಿಗೆ ತೆತ್ತ ಬೆಲೆ. ಬೆಲೆಯನ್ನು ಯಾರಾದರೂ ಆಟಕ್ಕೆ ಇಳಿಸುತ್ತಾರೆಯೇ? ಅವನಂಥ ಇನ್ನಿಬ್ಬರನ್ನೂ ಬೇರೆ ಊರುಗಳಿಂದ ಬಳುವಳಿ ಸಮೇತ ತಂದು ಕೂರಿಸಿದ್ದರು. ಊರಿನವರು ಗುಜರಿ ಕ್ಲಬ್ಬು ಎಂದು ಆಡಿಕೊಂಡರು. "ಗುಜರಿ ಅಂಗಡಿಯೋನು ಉಪವಾಸ ಬಿದ್ದಿದ್ದು ಯಾವತ್ತಾದ್ರೂ ನೋಡಿದ್ದೀರೇನು?" ಎಂದು ಮೇಡಂ ಬಾಯಿ ಮುಚ್ಚಿಸಿದರು. ಅವರ ಈ ಗತ್ತು ನನಗೆ ಮೆಚ್ಚುಗೆಯೇ, ಸುಳ್ಳು ಯಾಕೆ ಹೇಳಲಿ.

ಯುಗಾದಿ ಬಂತು. ಗಜಕೇಸರಿಯಿಂದ ಪಡೆದ ಸರದಿಯಲ್ಲಿ ಕೊಟ್ರಮ್ಮ ಮಲೇಬೆನ್ನೂರಿನ ಇರ್ಫಾನನನ್ನು ಆರಿಸಿದರು. ಹತ್ತೊಂಬತ್ತು ವರ್ಷ, ಕಾಲಿನಲ್ಲಿ ಮಿಂಚು, ತಲೆಯಲ್ಲಿ ಗಡಿಬಿಡಿ. ಮೊದಲ ಪಂದ್ಯದಲ್ಲೇ ಆರು ಸಲ ಚೆಂಡು ಕಳೆದುಕೊಂಡು, ಬೈಸಿಕೊಂಡು ಬಂದು ನನ್ನ ಮೇಲೆ ಕುಸಿದ. ಹಾಲೇಶ ಅವನತ್ತ ಸರಿದ. ಮೇಡಂ ಬೆನ್ನು ತಿರುಗಿಸಿದ್ದು ನೋಡಿ, ಅವರ ಬುಟ್ಟಿಚೀಲದಿಂದ ಒಂದು ಸೀಮೆಸುಣ್ಣ ಎಗರಿಸಿ ನನ್ನ ಕಪ್ಪು ಹಲಗೆಯ ಮೇಲೆ ಗೆರೆ ಎಳೆದ.

"ನೀನು ಚೆಂಡು ನೋಡ್ತೀಯ. ಎದುರಿನೋನ ಸೊಂಟ ನೋಡು. ಕಣ್ಣು ಸುಳ್ಳು ಹೇಳ್ತಾವೆ, ಕೈ ಸುಳ್ಳು ಹೇಳ್ತಾವೆ. ಸೊಂಟ ಸುಳ್ಳು ಹೇಳಂಗಿಲ್ಲ. ಅದು ಎತ್ತ ತಿರುಗ್ತದೋ ಅತ್ತಲೇ ಅವನು ಹೋಗಾದು."

"ಅಣ್ಣ, ಇನ್ನೊಂದ್ಸಲ ಬರೀರಿ," ಎಂದ ಇರ್ಫಾನ.

ಮೇಡಂ ಈ ಕಡೆ ತಿರುಗುವಷ್ಟರಲ್ಲಿ ಹಾಲೇಶ ಟವೆಲ್ಲಿನಿಂದ ಒರೆಸಿಬಿಟ್ಟ. "ನನ್ನ ತಂಡಕ್ಕೆ ಒಂದೇ ಬಾಯಿ, ಅದು ನಂದು" ಎಂದು ಅವರು ಮೊದಲ ದಿನವೇ ಹೇಳಿದ್ದರು. ಹಾಗಾಗಿ ಈ ಪಾಠ ಕಳ್ಳತನದಲ್ಲಿ ನಡೆಯಿತು. ಎರಡು ವರ್ಷ! ಬರೆಯುವುದು, ಹೇಳುವುದು, ಒರೆಸುವುದು. "ನನ್ನ ಚಾಕ್‌ಪೀಸಿಗೆ ಕಾಲು ಬಂದಾವೇನು?" ಎಂದು ಕೊಟ್ರಮ್ಮ ಪ್ರತಿ ವಾರ ಗೊಣಗುತ್ತಿದ್ದರು. ನನ್ನ ಎಡತುದಿ ಗೆರೆ ತಿಂದು ತಿಂದು ಬೆಳ್ಳಗಾಯಿತು, ಟವೆಲ್ ತಿಕ್ಕಿ ತಿಕ್ಕಿ ನುಣ್ಣಗೆ ತಗ್ಗಾಯಿತು. ಮೌನೇಶಾಚಾರಿಯ ಮಾತಿನಲ್ಲಿ ಸುಳ್ಳಾದ ಅರ್ಧ ಇದು.

ಇರ್ಫಾನ ಬೆಳೆದ. ಆರನೆಯ ಸ್ಥಾನದ ತಂಡ ಮೂರಕ್ಕೆ ಏರಿತು. ಮೇಡಂ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು: "ಒಂದು ಬೇಡಾದ ಆಳು ತಗೊಂಡು ಎಂಥ ಹುಡುಗನ್ನ ಹೊಡ್ಕೊಂಡೆ ನೋಡ್ರಿ!" ಹಿತ್ತಲ ಗಿಡ ಮದ್ದಲ್ಲ. ಹಾಲೇಶ ಅಂಚಿನಲ್ಲೇ ಕೂತಿದ್ದ, ಹಿಮ್ಮಡಿ ಎತ್ತಿಯೇ ಕೂತಿದ್ದ.

ಆಮೇಲೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಹಾಗಾಯಿತು. ಇರ್ಫಾನನಿಗೆ ಹೊಸ ಸಂಬಳ ಬರೆಯಬೇಕು, ಇಲ್ಲದಿದ್ದರೆ ಅವನು ಬೇರೆ ಊರಿಗೆ ಹೋಗುತ್ತಾನೆ. ಬರೆದರೆ ಮಿತಿ ದಾಟುತ್ತದೆ. ಹಾಲೇಶನದು ಇನ್ನೊಂದು ವರ್ಷ ಬಾಕಿ ಇತ್ತು. ಈ ಸಲ ಬಳುವಳಿ ಕೊಡುವ ಪಾಳಿ ಕೊಟ್ರಮ್ಮನವರದ್ದು. ಕಂಪ್ಲಿಯವರು ಒಂದು ಸರದಿಗೆ ಒಪ್ಪಿದರು.

ಆ ವರ್ಷದ ಕೊನೆಯ ಪಂದ್ಯಕ್ಕೆ ಎರಡು ದಿನ ಇತ್ತು. ಬೆಳಿಗ್ಗೆ ಕಂಪ್ಲಿಯ ಕಾರ್ಯದರ್ಶಿ ಟೆಂಪೋ ತಂದರು. ಕೊಟ್ರಮ್ಮ ಕಾಗದ ಮುಂದಿಟ್ಟರು. ಟೀಚರ್ ಅಲ್ಲವೇ, ಹಳೆಯ ಕಾಗದವನ್ನು ಎದುರಿಗಿಟ್ಟುಕೊಂಡು ಹೆಸರು, ಊರು ಬದಲಿಸಿ ಸಾಲಿಗೆ ಸಾಲು ನಕಲು ಮಾಡಿದ್ದರು. ಆಟಗಾರ ಒಬ್ಬ, ಬೆಂಚು ಒಂದು!

"ಬೆಂಚೂ ನಮ್ದೇ ಅಂತ ಬರ್ದೈತಲ್ರೀ," ಎಂದರು ಕಂಪ್ಲಿಯವರು.

"ಅದು ಕೈತಪ್ಪಿ ಆಗಿದ್ದು."

"ಸಹಿ ಮಾಡೋಕ್ ಮುಂಚೆ ಒಮ್ಮೆ ನೋಡಾನ ತಡೀರಿ. ಮತ್ತಿ ಮರ ಇದ್ದಂಗೈತಿ."

ನಾಲ್ಕು ಜನ ಸೇರಿ ನನ್ನನ್ನು ಗೋಡೆಯ ನೆರಳಿನಿಂದ ಅಂಗಳದ ನಡುವಿಗೆ ತಂದಿಟ್ಟರು. ಹರಿಹರಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಮೇಲೆ ನೇರ ಬಿಸಿಲು ಬಿತ್ತು. ನೆರಳಿನಲ್ಲಿ ಕಾಣದ್ದು ಬಿಸಿಲಿನಲ್ಲಿ ಕಂಡಿತು. ಹಿಂದಿನ ವಾರದ ಪಾಠ ಅರ್ಧಂಬರ್ಧ ಅಳಿಸಿ ಹಾಗೇ ಉಳಿದಿತ್ತು. ಐದು ಸೊನ್ನೆ, ಮೂರು ಬಾಣ. ಅದರ ಕೆಳಗೆ ಹಳೆಯ ಗೆರೆಗಳ ಪದರ ಪದರ.

ಕೊಟ್ರಮ್ಮ ಕನ್ನಡಕ ಏರಿಸಿ ಬಗ್ಗಿದರು. "ಇದು ಹೋದ ಭಾನುವಾರ ನಾವು ಗೆದ್ದ ಆಟ. ಇರ್ಫಾನ, ಇದನ್ನ ಯಾರು ಬರೆದಿದ್ದು?"

"ಹಾಲೇಶಣ್ಣ, ಮೇಡಂ."

"ಎಷ್ಟು ದಿನದಿಂದ ನಡೆದೈತಿದು?"

"ನಾ ಬಂದಾಗಿಂದ."

ಹಾಲೇಶ ಜೇಬಿಗೆ ಕೈ ಹಾಕಿ ಉಗುರಿನಷ್ಟು ಉಳಿದಿದ್ದ ಸೀಮೆಸುಣ್ಣ ತೆಗೆದು, ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ ಅವರ ಮುಂದೆ ಹಿಡಿದ.

ಎಲ್ಲಿಯೂ ಕೂರದ ಕೊಟ್ರಮ್ಮ ಮೇಡಂ ಆವತ್ತು ನನ್ನ ಮೇಲೆ ಕೂತರು. ತೂಕ ಏನೂ ಇರಲಿಲ್ಲ, ಆದರೆ ಅಷ್ಟು ಭಾರವಾಗಿ ಕೂತವರನ್ನು ನಾನು ಕಂಡಿಲ್ಲ. ಗೆರೆಗಳ ಮೇಲೆ ಬೆರಳಾಡಿಸುತ್ತ ಹೇಳಿದರು:

"ಬಳುವಳಿ ಎಣಿಸೋದ್ರಾಗೆ ಮದುಮಗಳ ಮುಖಾನೇ ನೋಡ್ಲಿಲ್ಲಲ್ಲೋ ನಾನು."

ಮುಖ ನೋಡಿದ ಮಾತ್ರಕ್ಕೆ ಮಿತಿ ಕರಗುತ್ತದೆಯೇ? ಇಬ್ಬರನ್ನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ದಾರಿ ಹೇಳಿದವನು ಹಾಲೇಶನೇ.

"ಮೇಡಂ, ಆಟಗಾರರ ಸಂಬಳಕ್ಕಷ್ಟೇ ಮಿತಿ. ಕಲಿಸೋರಿಗಿಲ್ಲ. ನಾನಾಗೇ ಆಟ ಬಿಟ್ಟೆ ಅಂತ ಬರ್ಕೊಟ್ರೆ ನನ್ನ ಕರಾರು ಅಲ್ಲಿಗೆ ಮುಗೀತು. ನೀವು ಎಷ್ಟು ಕೊಡಾಕಾಗ್ತದೋ ಅಷ್ಟಕ್ಕೆ ಕಲಿಸ್ಕೊಂಡು ಇರ್ತೀನಿ. ಒಂದೇ ಕೇಳ್ತೀನಿ. ನಾಡಿದ್ದು ಭಾನುವಾರ ನನ್ನ ಆಡಿಸ್ರಿ. ಆಮೇಲೆ ಅಂಗಿ ಬಿಚ್ಚಿ ನಾನೇ ನಿಮ್ಮ ಕೈಗೆ ಕೊಡ್ತೀನಿ."

ದೊಡ್ಡ ಸಂಬಳದ ಒಂದು ವರ್ಷವನ್ನು ಹಾಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಕೊಟ್ರಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ತಲೆ ಆಡಿಸಿದರು. ಕಂಪ್ಲಿಯವರು ಮುಖ ಊದಿಸಿಕೊಂಡರು. ಬಂದ ಟೆಂಪೋ ಬರಿದೇ ಹೋಗಬಾರದೆಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿ ಕಳಿಸಿದ್ದಾಯಿತು.

ಭಾನುವಾರ ಎದುರಾಳಿ ಯಾರು ಅಂತೀರಿ, ನನ್ನ ಹಳೆಯ ಗಜಕೇಸರಿಯೇ. ಕೊನೆಯ ನಾಲ್ಕು ನಿಮಿಷಕ್ಕೆ ಹಾಲೇಶ ನನ್ನ ಮೇಲಿಂದ ಎದ್ದ. ಆ ಏಳುವಿಕೆ ಹೇಗಿತ್ತೆಂದರೆ, ನನ್ನ ನಾಲ್ಕೂ ಕಾಲಿಗೆ ಹಗುರಾಯಿತು. ಅವನು ನೆಗೆಯಲಿಲ್ಲ, ಓಡಲಿಲ್ಲ. ನಿಲ್ಲಬೇಕಾದ ಜಾಗದಲ್ಲಿ ನಿಂತ, ಅಷ್ಟೇ. ಅವನ ಬೆನ್ನಿನ ಮರೆಯಿಂದ ಇರ್ಫಾನ ಎರಡು ಸಲ ನುಸುಳಿ ಬಾಸ್ಕೆಟ್ ಹಾಕಿದ. ಹಾಲೇಶನ ಒಂದು ಎಸೆತ ತಪ್ಪಿತಂತೆ, ಒಂದು ಬಿತ್ತಂತೆ. ಅಂತೆ ಯಾಕೆಂದರೆ ನಾನು ನೋಡಲಿಲ್ಲ. ನನ್ನ ಮೇಲಿದ್ದವರೆಲ್ಲ ಎದ್ದು ನಿಂತುಬಿಟ್ಟಿದ್ದರು, ನನಗೆ ಕಂಡದ್ದು ಬರೀ ಹಿಮ್ಮಡಿಗಳ ಸಾಲು. ಬೆಂಚಿಗೆ ಅದಕ್ಕಿಂತ ಒಳ್ಳೆಯ ನೋಟ ಇನ್ನೊಂದಿಲ್ಲ. ಕಿವಿಗೆ ಬಿದ್ದದ್ದು ಮಾತ್ರ ಚೆನ್ನಾಗಿ ಬಿತ್ತು. ಮೂರು ಅಂಕದಿಂದ ಗೆದ್ದೆವು.

ನೋಡಲು ಬಂದವರೆಲ್ಲ ಹೋದ ಮೇಲೆ ಹಾಲೇಶ ಅಂಗಿ ಬಿಚ್ಚಿ, ಮಡಿಸಿ, ನನ್ನ ಎಡತುದಿಯಲ್ಲಿಟ್ಟು ಅತ್ತ. ಸಂತೋಷಕ್ಕೂ ಅತ್ತ, ಮುಗಿಯಿತಲ್ಲ ಎಂಬುದಕ್ಕೂ ಅತ್ತ. ಆಮೇಲೆ ಮುಖ ತೊಳೆದುಕೊಂಡು, ಅಂಗಿಯನ್ನು ಮೇಡಂ ಕೈಗೆ ಕೊಡಲು ಎದ್ದು ಹೋದ. ಅಲ್ಲಿಂದೀಚೆಗೆ ಅವನು ನನ್ನ ಮೇಲೆ ಕೂತಿಲ್ಲ. ಕಲಿಸುವವರು ನಿಂತೇ ಇರಬೇಕು ಎನ್ನುವುದು ಕೊಟ್ರಮ್ಮನವರ ಕಟ್ಟಳೆ.

ಈಗ ನಮ್ಮ ಅಂಕಣಕ್ಕೆ ಸ್ಟೀಲಿನ ಆಸನಗಳು ಬಂದಿವೆ. ನಾನು ಮೂಲೆಯಲ್ಲಿದ್ದೇನೆ, ಒಂದು ಕಾಲಿನ ಕೆಳಗೆ ಇಟ್ಟಿಗೆ ಚೂರಿದೆ. ಮೂಲೆ ಸೇರಿದೆನೆಂದು ಮರುಗಬೇಡಿ. ಪಾಠ ನಡೆಯುವುದು ಇವತ್ತಿಗೂ ನನ್ನ ಮೇಲೆಯೇ, ಒರೆಸುವ ಅವಸರ ಈಗ ಯಾರಿಗೂ ಇಲ್ಲ. ಕೊಟ್ರಮ್ಮ ಬಳುವಳಿ ಕೇಳುವುದನ್ನು ಬಿಟ್ಟಿಲ್ಲ, ಬಿಡುವವರೂ ಅಲ್ಲ. ಆದರೆ ಸರದಿಯ ಮಾತಿಗೆ ಮೊದಲು, "ಆ ಹುಡುಗನ್ನ ಕರೀರಿ, ನೋಡಾನ" ಎನ್ನುತ್ತಾರೆ.

ಹೋದ ವಾರ ಬಕ್ಕಪ್ಪನವರು ಮತ್ತೊಬ್ಬನನ್ನು ಕಳಿಸಿದರು. ಬಸವಂತ ಎಂದು ಹೆಸರು. ದೊಡ್ಡ ಸಂಬಳ, ಸೋತ ಭುಜ, ಜೊತೆಗೊಂದು ಸರದಿ. ಸ್ಟೀಲಿನ ಆಸನಗಳ ಕಡೆ ಹೋಗದೆ ನನ್ನನ್ನು ಹುಡುಕಿಕೊಂಡು ಬಂದು, ಗೋಡೆಗೆ ಒರಗಿ, ಕಾಲು ಚಾಚಿ ಕೂತ.

ಹಾಲೇಶ ಸೀಮೆಸುಣ್ಣ ಹಿಡಿದು ಬಂದು ಅವನೆದುರು ನಿಂತ.

"ಒರಗಬ್ಯಾಡೋ ತಮ್ಮಾ, ಮುಂದಕ್ಕೆ ಬಾ. ನಾನೂ ಈ ಬೆಂಚಿನ ಜೊತೀಗೇ ಬಂದೋನು."

ಬಸವಂತ ಅವನನ್ನು ನೋಡಿದ, ನನ್ನ ಸವೆದ ಎಡತುದಿಯನ್ನು ನೋಡಿದ. ಮೆಲ್ಲಗೆ ಅಂಚಿಗೆ ಸರಿದ. ಸ್ವಲ್ಪ ಹೊತ್ತಿಗೆ ಅವನ ಹಿಮ್ಮಡಿ ಮೇಲೆದ್ದಿತು.