ಬೀಜವೂ ಗೊಬ್ಬರವೂ ಒಂದೇ ಮಂಕ್ರಿಯಲ್ಲಿ

ಬಿತ್ತಿ ವಾರ ಕಳೆದ ಮೇಲೆ ಹೊಲ ನೋಡಲು ಹೋಗುವುದೆಂದರೆ ರೈತರ ಮನೆಯವರಿಗೆ ಅದೊಂದು ಖುಷಿ. ಮುಸುಕಿನ ಜೋಳವಾದರೆ ಕೇಳುವುದೇ ಬೇಡ, ಸಾಲು ಹಿಡಿದು ಎಳೆ ಹಸಿರು ಎದ್ದು ನಿಂತಿರುತ್ತದೆ. ಹಗರೆ ಹತ್ತಿರದ ನಮ್ಮ ಊರಿನ ಕಾಂತಮ್ಮನೂ ಅದೇ ಆಸೆಯಲ್ಲಿ ಹೋದರು. ಬಿತ್ತನೆಯ ಹೊತ್ತಿಗೆ ಕಾಲು ಉಳುಕಿ ಮನೆಯಲ್ಲೇ ಕೂತಿದ್ದವರು ಆಮೇಲೆ ಹೊಲದ ಕಡೆ ಹೋದದ್ದು ಅವತ್ತೇ ಮೊದಲು. ಬದುವಿನ ಮೇಲೆ ನಿಂತವರು ಹಾಗೇ ನಿಂತುಬಿಟ್ಟರು.

ಹೊಲ ಬೋಳಾಗಿತ್ತು. ಹುಡುಕಿದರೆ ಅಲ್ಲೊಂದು ಇಲ್ಲೊಂದು ಪೈರು, ಅದೂ ಬಾಡಿದ್ದು. ಪಕ್ಕದ ಗಿಡ್ಡಮ್ಮನ ಹೊಲ ನೋಡಿದರೆ ಅದೇ ಮಳೆ, ಅದೇ ಅಂಗಡಿಯ ಬೀಜ, ಆದರೆ ಸಾಲು ಸಾಲಾಗಿ ಬೆರಳುದ್ದ ಬಂದಿದೆ. ಹಿಂದೆ ಬಂದ ಗಂಡ ಕರಿಬಸವಯ್ಯನನ್ನು ಕೇಳಿದರು.

"ಏನ್ರೀ ಇದು? ಬಿತ್ತಿದ್ರೋ ಇಲ್ವೋ?"

"ನವಿಲು ಕೆದಕಿರ್ಬೇಕು ಕಣೇ."

"ನವಿಲು ನಮ್ಮ ಹೊಲ ಮಾತ್ರ ಕೆದಕಿ, ಗಿಡ್ಡಮ್ಮನ ಬದು ಕಂಡು ಕೈ ಮುಗಿದು ಹೋದ್ವಾ?"

ಕರಿಬಸವಯ್ಯ ಬಗ್ಗಿ ಒಂದು ಹೆಂಟೆ ಎತ್ತಿ ಪುಡಿ ಮಾಡತೊಡಗಿದರು. ಕಾಂತಮ್ಮನೇ ಮುಂದುವರಿಸಿದರು. "ಬೀಜ ಹಾಕಿದ್ದು ಯಾರು?"

"ದಿವ್ಯಾ."

ದಿವ್ಯಾ ಅವರ ಸೊಸೆ, ಮಗ ಇಂದುಧರನ ಹೆಂಡತಿ. ಗೆಂಡೆಹಳ್ಳಿ ಕಡೆಯ ಹುಡುಗಿ. ಈ ಮನೆಗೆ ಬಂದ ಮೇಲೆ ಅವಳು ಬೀಜ ಹಾಕಿದ ಮೊದಲ ಹೊಲ ಇದು. ನಮ್ಮ ಕಡೆ ಬೀಜ ಹಾಕುವವರಿಗೆ ಕೈಗುಣ ನೋಡುತ್ತಾರೆ. ಕೆಲವರು ಹಾಕಿದರೆ ಬಂಡೆಯ ಮೇಲೂ ಪೈರು ಬರುತ್ತದಂತೆ, ಕೆಲವರು ಮುಟ್ಟಿದ ಬೀಜ ಮಣ್ಣಿಂದ ಏಳುವುದೇ ಇಲ್ಲವಂತೆ. ಗಂಡಸರಿಗೆ ಕೈಗುಣ ಇಲ್ಲ ಎಂಬ ಮಾತು ಮಾತ್ರ ನಾನು ಈವರೆಗೆ ಯಾರ ಬಾಯಲ್ಲೂ ಕೇಳಿಲ್ಲ.

ಮನೆಗೆ ಬಂದ ಕಾಂತಮ್ಮ ಕೈಕಾಲು ಕೂಡ ತೊಳೆಯಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಸೊಸೆಯ ಮುಂದೆ ನಿಂತು ಹೇಳಿಯೇಬಿಟ್ಟರು. "ನಿನ್ನ ಕೈಲಿ ಗುಣ ಇಲ್ಲ ಕಣೇ. ಇನ್ಮ್ಯಾಕೆ ಬೀಜ ಮುಟ್ಬ್ಯಾಡ."

ದಿವ್ಯಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೆಚ್ಚಲಿನ ಮೇಲಿದ್ದ ಕೈ ಅಲ್ಲೇ ನಿಂತಿತು. ಅವಳು ಮಾವನ ಮುಖ ನೋಡಿದಳು. ಮಾವ ಕರುವಿನ ಹಗ್ಗ ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ಮುಳುಗಿದ್ದರು.

ಇಂಥ ಮಾತು ಹಾಲಿನ ಕ್ಯಾನಿಗಿಂತ ಮೊದಲೇ ಡೈರಿ ಮುಟ್ಟುತ್ತದೆ. ಅದರಲ್ಲೂ ಇದನ್ನು ಕಾಂತಮ್ಮನೇ ಅಲ್ಲಿ ನಿಂತು ಹೇಳಿದ್ದರು. ಅಲಸಂದೆ ಹಾಕಲು ಬಾ ಎಂದು ದಿವ್ಯಾಳನ್ನು ಕರೆದಿದ್ದ ಗಿಡ್ಡಮ್ಮ ಮರುದಿನ ಬಾಗಿಲಿಗೆ ಬಂದು, "ಬ್ಯಾಡ ಬಿಡವ್ವ, ನಾವೇ ಹಾಕ್ಕಂತೀವಿ" ಎಂದು ಹೋದರು. ಅವತ್ತು ಸಂಜೆ ದಿವ್ಯಾ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು. ಗಂಡನಿಗೆ ಹೇಳಿದ್ದು ಇಷ್ಟೇ: "ನನ್ನನ್ನ ಊರಿಗೆ ಬಿಟ್ಟು ಬನ್ನಿ. ಕೈಗುಣ ಇಲ್ಲದೋಳು ಅನ್ನಿಸ್ಕೊಂಡು ನಾನು ಇಲ್ಲಿ ಇರಲ್ಲ."

ನನಗೆ ಈ ಸುದ್ದಿ ತಿಳಿದಾಗ ಮೈ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ನೇರವಾಗಿ ಶರ್ಮಿಳಾ ಮನೆಗೆ ಹೋದೆ. ಶರ್ಮಿಳಾ ನಮ್ಮ ಸ್ತ್ರೀಶಕ್ತಿ ಸಂಘದವಳು, ಕೃಷಿ ಸಖಿ. ರೈತ ಸಂಪರ್ಕ ಕೇಂದ್ರದಲ್ಲಿ ತರಬೇತಿ ಪಡೆದು ಬಂದಿದ್ದಾಳೆ. ಎಲ್ಲ ಕೇಳಿ ಅವಳು ಒಂದೇ ಮಾತು ಕೇಳಿದಳು. "ಹೊಲ ನೋಡದೆ ಹುಡುಗಿ ಕೈ ನೋಡಿದ್ರಾ?"

ಬೆಳಿಗ್ಗೆ ಎಲ್ಲರನ್ನೂ ಹೊಲಕ್ಕೆ ಎಳೆದುಕೊಂಡು ಹೋದೆವು. ಕಾಂತಮ್ಮ ಗೊಣಗುತ್ತಲೇ ಬಂದರು. ದಿವ್ಯಾ ಬರಲ್ಲ ಎಂದಳು. ಬಂದು ನೋಡಿ ಆಮೇಲೆ ಬಸ್ಸು ಹತ್ತು ಎಂದೆ. ಕರಿಬಸವಯ್ಯ ಎಲ್ಲರಿಗಿಂತ ಹಿಂದೆ ಬಂದರು.

ಹೊಲದ ಕೊನೆಗೆ ಹೋದಾಗ ಶರ್ಮಿಳಾ ನಿಂತಳು. ಹೊಲವೆಲ್ಲ ಬೋಳು, ಆದರೆ ಅವತ್ತು ಕಾಂತಮ್ಮ ನಿಂತಿದ್ದ ಬದುವಿಗೆ ಕಾಣದ ಕೊನೆಯ ನಾಲ್ಕೈದು ಸಾಲು ತುಂಬಾ ಪೈರು.

"ಇದನ್ನ ಬಿತ್ತಿದ್ದು ಯಾರು ಕಾಂತಮ್ಮಕ್ಕ?"

"ನಮ್ಮನೆಯೋರು ಹಾಕಿರ್ಬೇಕು. ಅದಕ್ಕೇ ಹುಟ್ಟೈತೆ."

"ಅದನ್ನೂ ನಾನೇ ಹಾಕಿದ್ದು ಅತ್ತೆ" ಎಂದಳು ದಿವ್ಯಾ. "ಮಂಕ್ರಿ ಬುಟ್ಟಿ ಖಾಲಿ ಆಯ್ತು. ಚೀಲದ ತಳದಲ್ಲಿ ಉಳಿದಿದ್ದ ಬೀಜನ ಇಲ್ಲಿ ಹಾಗೇ ಹಾಕಿದೆ."

"ಹಾಗೇ ಅಂದ್ರೆ?" ಶರ್ಮಿಳಾ ಕೇಳಿದಳು.

"ಗೊಬ್ಬರ ಬೆರೆಸದೆ. ಮಿಕ್ಕಿದ್ದಕ್ಕೆಲ್ಲ ಮಾವ ಬೀಜ, ಡಿಎಪಿ ಎರಡನ್ನೂ ಒಂದೇ ಮಂಕ್ರಿಗೆ ಸುರಿದು ಕಲಸಿ ಕೊಟ್ಟಿದ್ರು. ನಮ್ಮೂರಲ್ಲಿ ನಾನು ಜೋಳ ಬಿತ್ತಿದೋಳಲ್ಲ. ಇಲ್ಲಿ ಹಿಂಗೇ ಏನೋ ಅಂದ್ಕೊಂಡೆ."

ಕಾಂತಮ್ಮ ತಿರುಗಿ ಗಂಡನ ಮುಖ ನೋಡಿದರು. ಶರ್ಮಿಳಾ ಕೂತು ಬೋಳು ಸಾಲನ್ನು ಕುಡುಗೋಲ ತುದಿಯಿಂದ ಕೆದಕಿ, ಸಿಕ್ಕಿದ್ದನ್ನು ಅಂಗೈ ಮೇಲೆ ಇಟ್ಟು ತೋರಿಸಿದಳು. ಬೀಜ ಉಬ್ಬಿತ್ತು. ಮೊಳಕೆ ಒಡೆದಿತ್ತು. ಆದರೆ ಬೇರಿನ ತುದಿ ಕಂದಿ ಕರಗಿಹೋಗಿತ್ತು. ಅದಕ್ಕೆ ಅಂಟಿಕೊಂಡೇ ಅರ್ಧ ಕರಗಿದ ಡಿಎಪಿ ಕಾಳು ಕೂತಿತ್ತು. ಇನ್ನೊಂದು ಕಡೆ ಕೆದಕಿದಳು, ಅಲ್ಲೂ ಹಾಗೆಯೇ. ಹುಟ್ಟಲು ಹೊರಟ ಬೀಜ ಮಣ್ಣೊಳಗೇ ಸತ್ತಿದ್ದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ಬೀಜ ಹುಟ್ಟಿತ್ತು ಅಕ್ಕ" ಎಂದಳು ಶರ್ಮಿಳಾ. "ಗೊಬ್ಬರ ಅದನ್ನ ಸುಟ್ಟೈತೆ. ಬಿತ್ತಿದ ಮೇಲೆ ಮಳೆ ಬೇರೆ ಕೈಕೊಡ್ತಲ್ಲ. ಇದ್ದ ಸ್ವಲ್ಪ ತೇವದಲ್ಲಿ ಡಿಎಪಿ ಕರಗಿ, ಅದರ ಖಾರ ಎಳೆ ಬೇರಿಗೆ ಹತ್ತಿತು."

"ಗೊಬ್ಬರ ಶಕ್ತಿ ಕೊಡಲ್ವಾ? ನಾನು ಅದಕ್ಕೇ ಕೈಬಿಚ್ಚಿ ಹಾಕ್ದೆ" ಎಂದರು ಕರಿಬಸವಯ್ಯ.

"ಕೊಡ್ತದೆ ಅಣ್ಣ. ಹುಟ್ಟಿದ ಮಗು ಬಾಯಿಗೆ ಯಾರಾದ್ರೂ ರಾಗಿ ಮುದ್ದೆ ತುರುಕ್ತಾರಾ? ಶಕ್ತಿ ಅಂತ?"

"ಹಂಗಾದ್ರೆ ಬಿತ್ತೋವಾಗ ಡಿಎಪಿ ಬ್ಯಾಡವೇ ಬ್ಯಾಡ. ಮಂಡಿಯುದ್ದ ಬೆಳೆದ ಮ್ಯಾಲೆ ಯೂರಿಯಾ ಜೊತೆ ಎರಚಿದ್ರಾತು" ಎಂದರು ಅವರು.

"ಅದೂ ದಂಡ. ಡಿಎಪೀಲಿ ಇರೋ ರಂಜಕ ಯೂರಿಯಾ ಥರ ನೀರಿನ ಜೊತೆ ಇಳಿಯಲ್ಲ. ಬಿದ್ದಲ್ಲೇ ಕೂರ್ತದೆ. ಮೇಲೆ ಎರಚಿದ್ರೆ ಮೇಲೇ ಉಳೀತದೆ, ಬೇರು ಕೆಳಗೆ ಇರ್ತದೆ. ಜೋಳಕ್ಕೆ ರಂಜಕ ಬೇಕಾಗೋದು ಎಳೇದ್ರಲ್ಲಿ, ಬೇರು ಬಿಡೋ ಹೊತ್ತಲ್ಲಿ. ಆಗ ಸಿಗದಿದ್ರೆ ಗರಿ ನೇರಳೆ ಬಣ್ಣಕ್ಕೆ ತಿರುಗಿ ಪೈರು ಕುಗ್ತದೆ. ಅದಕ್ಕೇ ಇದನ್ನ ಅಡಿಗೊಬ್ಬರ ಅನ್ನೋದು. ಬೀಜಕ್ಕಿಂತ ಮೂರು ಬೆರಳು ಪಕ್ಕಕ್ಕೆ, ಮೂರು ಬೆರಳು ಕೆಳಕ್ಕೆ ಇರ್ಬೇಕು. ಬೇರು ತಾನಾಗೇ ಹುಡುಕ್ಕೊಂಡು ಹೋಗ್ತದೆ."

ಕಾಂತಮ್ಮ ಮೆಲ್ಲಗೆ ಕೇಳಿದರು. "ನಾವು ಇಬ್ಬರು ಹೆಂಗಸರು ಹೋಗೋವಾಗ ಮುಂದಿನೋಳು ಸಾಲಿನ ಒಂದು ಮಗ್ಗುಲಿಗೆ ಗೊಬ್ಬರ ಬಿಟ್ಟು ಕಾಲಲ್ಲಿ ಮಣ್ಣೆಳೀತಿದ್ಲು. ಹಿಂದಿನೋಳು ಇನ್ನೊಂದು ಮಗ್ಗುಲಿಗೆ ಬೀಜ ಹಾಕ್ತಿದ್ಲು. ಮಣ್ಣು ಎಳೀತಿದ್ದಿದ್ದು ಇದಕ್ಕಾ?"

"ಇದಕ್ಕೇ ಅಕ್ಕ."

ಇಷ್ಟು ವರ್ಷ ಮಾಡಿದ ಕೆಲಸ, ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ ಕಾಂತಮ್ಮ. ಈ ಸಲ ಅವರ ಕಾಲು ಉಳುಕಿತು, ಒಂದು ಆಳು ಕಮ್ಮಿಯಾಯಿತು. ಕರಿಬಸವಯ್ಯ ಒಬ್ಬಳ ಕೈಯಲ್ಲೇ ಎರಡೂ ಕೆಲಸ ಮುಗಿಸುವ ಉಪಾಯ ಹೂಡಿದರು.

ಆಮೇಲೆ ಅವರೇ ಇನ್ನೊಂದು ಮಾತು ಒಪ್ಪಿಕೊಂಡರು.

"ಹೊಲ ನೋಡಿದ ದಿನವೇ ನಂಗೆ ಅನುಮಾನ ಬಂದಿತ್ತು. ಬೆರೆಸಿದ್ದಕ್ಕೇ ಹಿಂಗಾತೇನೋ ಅಂತ. ಬಾಯಿ ಬಿಡ್ಲಿಲ್ಲ."

"ಅನುಮಾನ ಇತ್ತಾ?" ಕಾಂತಮ್ಮ ಗಂಡನ ಎದುರಿಗೆ ಬಂದು ನಿಂತರು. "ನಾನು ಈ ಹುಡುಗಿಗೆ ಅಷ್ಟೆಲ್ಲ ಅಂದಾಗ ನೀವು ಅಲ್ಲೇ ನಿಂತಿದ್ರಲ್ಲ. ಊರೆಲ್ಲ ಹೇಳಿಕೊಂಡು ಬಂದೆ. ಆಗ್ಲೂ ಸುಮ್ಕಿದ್ರಲ್ಲ."

ದಿವ್ಯಾ ಅಷ್ಟು ದಿನ ತಡೆದಿದ್ದ ಅಳುವನ್ನು ಆಗ ಅತ್ತಳು. ಕಾಂತಮ್ಮ ಅವಳ ಕೈ ಹಿಡಿದುಕೊಂಡರು. ತಪ್ಪಾಯಿತು ಎಂದು ಬಾಯಿಬಿಟ್ಟೇ ಹೇಳಿದರು. ಸೊಸೆಗೆ ಹಾಗೆ ಹೇಳಿದ ಅತ್ತೆಯನ್ನು ನಾನು ನೋಡಿದ್ದು ಅಪರೂಪ.

ಶರ್ಮಿಳಾ ಇನ್ನೊಂದು ಮಾತು ಹೇಳಿದಳು. ಹಾಕಿದ ರಂಜಕ ಎಲ್ಲೂ ಹೋಗಿಲ್ಲ, ಹಳೆಯ ಸಾಲಿನಲ್ಲೇ ಇದೆ. ಅದರಿಂದ ಮೂರು ಬೆರಳು ಆಚೆಗೆ ಹೊಸ ಸಾಲು ಹೊಡೆದು ಬರೀ ಬೀಜ ಹಾಕಿದರೆ ಸಾಕು, ಮತ್ತೆ ಡಿಎಪಿ ಬೇಡ. ಒಳ್ಳೆಯ ಹದ ಮಳೆ ಬಿದ್ದ ಮೇಲೆ ಹಾಗೇ ಮಾಡಿದರು. ಬೀಜ ಹಾಕಿದ್ದು ದಿವ್ಯಾ. ಅವಳ ಚೀಲ ಮತ್ತೆ ಅಟ್ಟಕ್ಕೆ ಹೋಗಿತ್ತು.

ಈ ಸಲ ಹೊಲ ತುಂಬಿ ಹುಟ್ಟಿತು. ಗರಿ ಕಡುಹಸಿರು. ಡೈರಿಯ ಮುಂದೆ ಎಲ್ಲರೂ ಸೇರಿದ್ದಾಗ ಕಾಂತಮ್ಮ, "ತಪ್ಪು ನನ್ನ ಸೊಸೆ ಕೈದಲ್ಲ ಕಣ್ರವ್ವ, ನಮ್ಮ ಮಂಕ್ರೀದು" ಎಂದರು. ಗಿಡ್ಡಮ್ಮ ನಾಚಿಕೆ ಬಿಟ್ಟು ಮತ್ತೆ ಕರೆಯಲು ಬಂದರು. "ಬತ್ತೀಯೇನವ್ವ, ಇನ್ನೂ ಒಂದಷ್ಟು ಅಲಸಂದೆ ಹಾಕೋದೈತೆ."

"ಬತ್ತೀನಿ" ಎಂದಳು ದಿವ್ಯಾ. "ಗೊಬ್ಬರ ಬೇರೆ ಮಂಕ್ರೀಲಿ ತರೋದಾದ್ರೆ ಬತ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಈ ಮುಂಗಾರಿಗೆ ನೀವೂ ಜೋಳ ಬಿತ್ತುತ್ತೀರಿ. ಎಷ್ಟು ಗೊಬ್ಬರ ಬೇಕೆಂದು ಪಕ್ಕದವರನ್ನು ಕೇಳಬೇಡಿ, ನಿಮ್ಮ ಹೊಲದ ಮಣ್ಣನ್ನು ಕೇಳಿ. ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಣ್ಣು ಪರೀಕ್ಷೆ ಮಾಡಿಸುವುದು ಹೇಗೆಂದು ಹೇಳುತ್ತಾರೆ. ಡಿಎಪಿಯನ್ನು ಬೀಜಕ್ಕೆ ತಾಗಿಸಬೇಡಿ, ಬೆಳೆದ ಪೈರಿನ ಮೇಲೆ ಎರಚಲೂ ಬೇಡಿ. ಬಿತ್ತುವಾಗಲೇ ಮೂರು ಬೆರಳು ಪಕ್ಕಕ್ಕೆ, ಮೂರು ಬೆರಳು ಆಳಕ್ಕೆ ಹಾಕಿ. ಆಳು ಸಿಗದಿದ್ದರೆ ಒಂದು ದಿನ ತಡವಾಗಲಿ, ಎರಡನ್ನೂ ಕಲಸಬೇಡಿ. ಇಷ್ಟು ಮಾಡಿಯೂ ಎಲ್ಲಾದರೂ ಬೀಜ ಹುಟ್ಟದೆ ಹೋದರೆ, ಹಾಕಿದವರು ಯಾರು ಎಂದು ಕೇಳುವ ಮೊದಲು ಕೂತು ಮಣ್ಣು ಕೆದಕಿ ನೋಡಿ.