ಎದೆಯ ಅಳತೆ

“ಕತ್ತರಿಸು, ಕಣ್ಣು ಮುಚ್ಬೇಡ,” ಎಂದು ಚಿಕ್ಕಮ್ಮ ಸ್ವೆಟರಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದಳು.

ಮಗಳು ಕತ್ತರಿಯನ್ನು ಸ್ವೆಟರಿನ ಅಂಚಿಗೆ ತಂದು ನಿಲ್ಲಿಸಿದ್ದಳು. ಪಕ್ಕದ ಮಂಚದ ಮೇಲೆ ಅಮ್ಮ, ಕತ್ತಿನವರೆಗೆ ಹೊದಿಕೆ. ಕಂಡವರಿಗೆಲ್ಲ ಹೆಣೆದುಕೊಟ್ಟವಳು ತನಗೆಂದು ಹೆಣೆದದ್ದು ಇದೊಂದೇ: ಬೂದು ಬಣ್ಣದ ಮೇಲೆ ಕೆಂಪು ಹೂವಿನ ಸಾಲುಗಳು, ಅಜ್ಜಿಯ ಕಾಲದ ವಿನ್ಯಾಸ. ಇಂಥ ಸ್ವೆಟರನ್ನು ಅವಳು ಚೀಲದ ಹಾಗೆ ಸುತ್ತಲೂ ಹೆಣೆದು, ಕೊನೆಯಲ್ಲಿ ಎದೆಯ ನಡುವೆ ಸೀಳಿ, ಅಂಚಿಗೆ ಗುಂಡಿಪಟ್ಟಿ ಕೂಡಿಸುತ್ತಿದ್ದಳು. ತೋಳುಗಳು ಮುಗಿದಿದ್ದವು. ಸೀಳುವ ಮೊದಲೇ ಉಸಿರು ನಿಂತಿತು. ಸೀಳದೆ ಈಗ ತೊಡಿಸುವಂತಿರಲಿಲ್ಲ.

“ಬಿಚ್ಚಿಹೋದ್ರೆ?”

“ಎರಡೂ ಬದಿ ಹೊಲಿಗೆ ಹಾಕಿದೀನಲ್ಲೇ. ಅಕ್ಕ ಇದ್ದಿದ್ರೆ ಇಷ್ಟೊತ್ತಿಗೆ ಕತ್ತರಿ ಕಿತ್ಕೊಂಡು ನಿನ್ನ ತಲೆಗೊಂದು ಮೊಟಕಿರ್ತಿದ್ಲು.”

ಅಣ್ಣ ಬಾಗಿಲಲ್ಲಿ ಇಣುಕಿದ. “ಗಾಡಿ ಬಂದಾಯ್ತು. ಇನ್ನೂ ಎಷ್ಟೊತ್ತು?”

“ನಿನ್ನ ಮದ್ವೆಗೆ ನೀನೇ ತಡವಾಗಿ ಬಂದೋನು. ಕಾಯೋ ಸ್ವಲ್ಪ,” ಎಂದಳು ಚಿಕ್ಕಮ್ಮ.

ಮಗಳ ಹೆದರಿಕೆ ಬೇರೆಯೇ ಇತ್ತು. ಅದಕ್ಕೇ ಅವಳು ಆ ಸ್ವೆಟರನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

*

ಚಳಿ ಶುರುವಾಗುವ ಮುಂಚೆ ಅಮ್ಮ ಟೇಪು ಕೊಟ್ಟು, “ಎದೆ ಅಳತೆ ನೋಡೇ,” ಎಂದಿದ್ದಳು.

ಕಾಯಿಲೆ ಅವಳನ್ನು ಅರ್ಧ ಮಾಡಿತ್ತು. ಟೇಪು ಪಕ್ಕೆಲುಬುಗಳ ಮೇಲೆ ಹಾದು, ನಂಬಲಾಗದಷ್ಟು ಬೇಗ ತನ್ನ ತುದಿಯನ್ನು ಮುಟ್ಟಿತು.

“ಎಷ್ಟು?”

ಮಗಳು ಹಳೆಯ ಅಳತೆಯನ್ನೇ ಹೇಳಿದಳು. “ಮೊದ್ಲಿನಷ್ಟೇ ಇದೀಯಲ್ಲಮ್ಮ.”

“ಹೌದಾ?” ಅಮ್ಮನ ಮುಖ ಅರಳಿತು. “ನಾನೆಲ್ಲೋ ಸೊರಗಿದೀನಿ ಅಂದ್ಕೊಂಡಿದ್ದೆ.”

*

ಕತ್ತರಿ ಆಡಿತು. ಎಳೆಗಳು ಬಿಚ್ಚಲಿಲ್ಲ. ಇನ್ನು ಹಳೆಯ ಅಳತೆಯ ಆ ದೊಗಲೆ ಸ್ವೆಟರಿನೊಳಗೆ ಅಮ್ಮ ಎಷ್ಟು ಕರಗಿದ್ದಾಳೆಂದು ಎಲ್ಲರೂ ನೋಡುತ್ತಾರೆ. ಮಗಳು ಗೋಡೆಯ ಕಡೆ ತಿರುಗಿದಳು.

“ಇದೇನೇ, ಇಷ್ಟು ಚಿಕ್ಕದು?” ಚಿಕ್ಕಮ್ಮ ಅದನ್ನು ಮಂಚದ ತುದಿಯಲ್ಲಿ ಹರವಿದಳು. “ಕೈಲಾಗ್ದೆ ಬಿಗಿ ಹೆಣೆದ್ಲೋ ಏನೋ. ಹೂವಿನ ಹಿಂದೆ ಹಾಯೋ ಎಳೆ ಜಗ್ಗಿದ್ರೆ ಹಿಂಗೇ ಮುದುರ್ಕೊಳ್ಳುತ್ತೆ.”

ಒಳಮಗ್ಗುಲು ತಿರುವಿದಳು. ಹೂವುಗಳ ಹಿಂದೆ ಎಳೆಗಳು ಎಲ್ಲೂ ಜಗ್ಗದೆ ಹಾಯಾಗಿ ಮಲಗಿದ್ದವು.

“ಬಿಗಿಯಾಗಿಲ್ಲ. ಸಾಲಿಗೆ ಹೂವೇ ಕಮ್ಮಿ ಹಾಕಿದಾಳೆ. ಅಳತೆ ತಗೊಂಡಿದ್ದು ಯಾರು?”

“ನಾನೇ,” ಎಂದಳು ಮಗಳು. ಆಮೇಲೆ, “ಇಲ್ಲ... ನಾನಲ್ಲ. ಅಮ್ಮನೇ ತಗೊಂಡಿರ್ಬೇಕು,” ಎಂದಳು.

ಇಬ್ಬರೂ ಸೇರಿ ಅಮ್ಮನ ಭುಜ ಎತ್ತಿ, ಒಂದೊಂದೇ ತೋಳು ತೂರಿಸಿದರು. ಸ್ವೆಟರು ಎಲ್ಲೂ ಜೋಲಲಿಲ್ಲ, ಎಲ್ಲೂ ಎಳೆಯಲಿಲ್ಲ.

“ಹೇಳಿ ಮಾಡಿಸಿದ ಹಾಗೆ ಕೂತಿದೆ ನೋಡು,” ಎಂದು ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುಂಡಿಪಟ್ಟಿ ಇರಲಿಲ್ಲ. ಮಗಳು ಸೂಜಿಗೆ ಕೆಂಪು ಎಳೆ ಪೋಣಿಸಿ, ಸೀಳಿದ ಅಂಚುಗಳನ್ನು ಕೂಡಿಸಿ ಹೊಲಿಯತೊಡಗಿದಳು. ಅಣ್ಣ ಮತ್ತೆ ಕರೆದ. ಅವಳು ಅವಸರ ಮಾಡಲಿಲ್ಲ. ಸೂಜಿ ತಾಗೀತೆಂದು ಎಡಗೈಯನ್ನು ಸ್ವೆಟರಿನೊಳಗೆ, ಅಮ್ಮನ ಎದೆಯ ಮೇಲೆ ಒಡ್ಡಿಕೊಂಡೇ ಹೊಲಿದಳು.