ಬಾಗಿಲ ಹಿಂದಿನ ಅಂಗೈಯಗಲ

"ಆತ ಬಣ್ಣ ಹೊಡೆದ ಮನೆಗೆ ಹೋದರೆ ಮೊದಲು ಬಾಗಿಲ ಹಿಂದೆ ಇಣುಕಬೇಕು, ಆ ಮನೆಯವರು ಬಾಕಿದಾರರೋ ಅಲ್ಲವೋ ಅಲ್ಲೇ ಗೊತ್ತಾಗುತ್ತೆ" ಎಂದು ನೆರೆಹೊರೆಯವರು ಹೇಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಮೂವತ್ತು ವರ್ಷ ಪರರ ಗೋಡೆಗಳನ್ನು ಬೆಳಗಿಸಿದ ಆ ಮನುಷ್ಯ ಪ್ರತಿ ಮನೆಯಲ್ಲೂ ಯಾವುದಾದರೊಂದು ಬಾಗಿಲ ಹಿಂದೆ ಅಂಗೈಯಗಲದ ಜಾಗವನ್ನು ಹಳೆಯ ಬಣ್ಣದಲ್ಲೇ ಬಿಡುತ್ತಿದ್ದ; ಕೊನೆಯ ಕಂತು ಕೈಸೇರಿದ ಮೇಲೆ ಬಂದು, ಎರಡು ಸಲ ಬ್ರಷ್ಷು ಆಡಿಸಿ, ನಮಸ್ಕಾರ ಹೇಳಿ ಹೋಗುತ್ತಿದ್ದ. ಹೀಗಾಗಿ ಬೀದಿಗೆಲ್ಲ ಆತ ಅಂಗೈಯಣ್ಣ.

ಏಣಿ ಹೊತ್ತು ಹೊತ್ತು ಬಲಭುಜ ಇಳಿದಿದ್ದರಿಂದ, ಪಕ್ಕದಲ್ಲಿ ಬರುತ್ತಿರುವ ಯಾರೋ ಕುಳ್ಳನ ಮಾತು ಕೇಳಿಸಿಕೊಳ್ಳುವವನಂತೆ ಓರೆಯಾಗಿ ನಡೆಯುತ್ತಿದ್ದ. ಮಾತಾಡುವಾಗ ಎದುರಿನವರ ಮುಖ ಬಿಟ್ಟು ಅವರ ತಲೆಯ ಮೇಲಿನ ಸೂರನ್ನೇ ನೋಡುವ ಅಭ್ಯಾಸ. "ಅಂದ್ರೆ, ಈಗ ನೋಡಿ" ಎನ್ನದೆ ಬಾಯಿ ತೆರೆಯುವುದು ಅಪರೂಪ. ಬಾಕಿ ಕೇಳಲು ಹೊರಡುವ ದಿನ ಮಾತ್ರ ಇಸ್ತ್ರಿ ಮಾಡಿದ ಬೂದು ಕೋಟು.

"ಬಣ್ಣದಂಗಿ ಹಾಕ್ಕೊಂಡು ಹೋದ್ರೆ ಅಯ್ಯೋ ಪಾಪ ಅಂತಾರೆ ಕಣೇ. ನಾನು ಕೇಳೋದು ನನ್ನ ಕೂಲಿ."

"ಕೋಟು ಹೋಗುತ್ತೆ, ಕೋಟು ಬರುತ್ತೆ. ಜೇಬಿಗೇನೂ ಕೆಲಸ ಇಲ್ಲ ನೋಡಿ" ಎನ್ನುತ್ತಿದ್ದಳು ಹೆಂಡತಿ.

ಈ ಪದ್ಧತಿ ಮುಗ್ಗರಿಸಿದ್ದು ವಕೀಲರೊಬ್ಬರ ಮನೆಯಲ್ಲಿ. ಕೆಲಸ ಪೂರ್ತಿಯಾದ ಮೇಲಷ್ಟೇ ಕೊನೆಯ ಕಂತು ಎಂದು ಅವರು ಬರೆಸಿದ್ದ ಕಾಗದಕ್ಕೆ ಅಂಗೈಯಣ್ಣ ಓದದೆ ರುಜು ಹಾಕಿದ್ದ. ಬಾಗಿಲ ಹಿಂದಿನ ನೀಲಿ ಚೌಕ ತೋರಿಸಿ, ಮುಗಿದಿಲ್ಲವಲ್ಲ ಎಂದರು ವಕೀಲರು. ಹಣ ಬಂದರೆ ಮುಗಿಯುತ್ತದೆ ಎಂದ ಈತ. ಮುಗಿದರೆ ಹಣ ಬರುತ್ತದೆ ಎಂದರು ಅವರು. ಎಂಟು ತಿಂಗಳು ಇಬ್ಬರೂ ಇಷ್ಟನ್ನೇ ಅತ್ಯಂತ ವಿನಯದಿಂದ ಹೇಳಿಕೊಂಡರು.

ಅಷ್ಟರಲ್ಲಿ ಅಂಗೈಯಣ್ಣನ ಮಂಡಿಗಳು ಏಣಿಯೊಡನೆ ಮಾತು ಬಿಟ್ಟವು. ಬಣ್ಣ ಮಾರುವ ಸಣ್ಣ ಅಂಗಡಿಗೆಂದು ಹೆಂಡತಿ ಬೀದಿಯ ತಿರುವಿನಲ್ಲಿ ಕೋಣೆಯೊಂದನ್ನು ಗೊತ್ತುಮಾಡಿದಳು. ಮುಂಗಡಕ್ಕೆ ಶನಿವಾರ ಸಂಜೆಯವರೆಗೆ ಗಡುವು. ವಕೀಲರ ಬಾಕಿ ಬಂದರೆ ಅಂಗಡಿ, ಇಲ್ಲವಾದರೆ ಮತ್ತೆ ಏಣಿ.

ಶನಿವಾರ ಬೆಳಿಗ್ಗೆ ಆತ ಸೋಲೊಪ್ಪಿಕೊಂಡ. ಕೋಟಿನ ಜೇಬಿಗೆ ಮೊದಲ ಬಾರಿಗೆ ಬ್ರಷ್ಷು ಸೇರಿಸಿ, ಕೆನೆಬಣ್ಣದ ಪುಟ್ಟ ಡಬ್ಬಿ ಹಿಡಿದು ಹೋಗಿ, ಆ ಬಾಗಿಲ ಹಿಂದೆ ಕಷ್ಟಪಟ್ಟು ಮಂಡಿಯೂರಿದ. ಅದು ವಕೀಲರ ತಾಯಿಯ ಕೋಣೆ.

"ಅದನ್ನ ಮುಟ್ಟಬೇಡಪ್ಪಾ" ಎಂದರು ಕುರ್ಚಿಯಲ್ಲಿದ್ದ ಮುದುಕಿ. "ನಮ್ಮನೆಯವರು ಆರಿಸಿದ ನೀಲಿ ಅದು. ಇಡೀ ಮನೇಲಿ ಅಷ್ಟೇ ಉಳಿದಿರೋದು. ದಿನಾ ಬಾಗಿಲು ಹಾಕ್ಕೊಂಡು ನೋಡ್ತಾ ಕೂತಿರ್ತೀನಿ."

"ಅಂದ್ರೆ, ಈಗ ನೋಡಿ ಅಮ್ಮ, ಇದು ಮುಗೀದೆ ನನಗೆ ದುಡ್ಡಿಲ್ಲ."

ಮುದುಕಿ ಮಗನನ್ನು ಕೂಗಿದರು. "ಲೋ, ಕೆಲಸ ಮುಗಿದಿದೆ. ಕೊಟ್ಟು ಕಳಿಸು."

ವಕೀಲರು ಕಾಗದದ ಮಾತೆತ್ತಿದರು. ಅದನ್ನೆಲ್ಲ ಕೋರ್ಟಿನಲ್ಲಿಟ್ಟುಕೋ ಎಂದು ತಾಯಿ ಕಣ್ಣು ಕದಲಿಸದೆ ಹೇಳಿದ ಮೇಲೆ, ಬೀರು ತೆರೆದ ಸದ್ದಾಯಿತು.

ಅಂಗೈಯಣ್ಣ ಹಣವೆಣಿಸಿದ; ಸೂರು ನೋಡುತ್ತ ಏನೋ ಲೆಕ್ಕ ಹಾಕಿದ; ಒಂದು ನಾಣ್ಯವನ್ನು ತೆಗೆದು ವಕೀಲರ ಮೇಜಿನ ಮೇಲಿಟ್ಟ.

"ಇದ್ಯಾಕೆ?"

"ಅಷ್ಟು ಜಾಗ ನಾನು ಬಳೀಲಿಲ್ಲವಲ್ಲ ಸ್ವಾಮಿ."

ವಕೀಲರು ನಾಣ್ಯವನ್ನೆತ್ತಿ ಬೀರುವಿನಲ್ಲಿಟ್ಟರು.

ದುಡಿದದ್ದನ್ನು ಕೇಳಲು ಹದಿನಾಲ್ಕು ಸಲ ಬೇಕಾದರೂ ಮೆಟ್ಟಿಲೇರುವ, ದುಡಿಯದ ಒಂದು ಕಾಸನ್ನು ಹೊತ್ತು ಒಂದು ಮೆಟ್ಟಿಲೂ ಇಳಿಯಲಾರದ ಜನ ಅಂಗೈಯಣ್ಣನಂಥವರು. ಜಿಪುಣರೆಂದು ಬೀದಿ ಇವರನ್ನು ನೋಡಿ ನಗುತ್ತದೆ. ಇವರ ಹಟವೆಲ್ಲ ಲೆಕ್ಕ ಎರಡೂ ಕಡೆ ಸರಿಯಿರಲಿ ಎಂಬುದಕ್ಕೇ ಎಂದು ತಿಳಿಯುವಷ್ಟರಲ್ಲಿ ಇವರು ಹೊರಟಿರುತ್ತಾರೆ. ಅಂಗೈಯಣ್ಣನೂ ಮುದುಕಿಗೆ ನಮಸ್ಕರಿಸಿ, ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಇನ್ನೆಂದೂ ಬರಬೇಕಿಲ್ಲದ ಆ ಮನೆಯಿಂದ ಓರೆಯಾಗಿ ಹೊರಗೆ ನಡೆದ.